ಪ್ಯಾಕೆಟ್ಟಿನ ಉಪ್ಪು ಯಾವ ಭಾಷೇಲಿದೆ?

ಉಪ್ಪಿಗಿಂತ ರುಚಿಯಿಲ್ಲ ಅನ್ನೋ ಗಾದೆ ನಮ್ಮೆಲ್ಲರಿಗೂ ಬಾಯಿಪಾಠ. ಆದ್ರೆ ಆ ಗಾದೆ ಹುಟ್ಟಿದ ಕಾಲದಲ್ಲಿ ಉಪ್ಪು ಹಾಕೋ ಕೈ ನಮ್ಮ ಮನೆಯದೇ ಆಗಿತ್ತು. ಸಾರಿಗೆ ಎಷ್ಟು ಬಿತ್ತು ಅಂತ ಅಮ್ಮನಿಗೆ ಗೊತ್ತಿರ್ತಿತ್ತು. ಈಗ ಚಿಪ್ಸ್, ನೂಡಲ್ಸ್, ಮಿಕ್ಸ್ಚರ್, ಬನ್ನು, ಬಿಸ್ಕೆಟ್, ಹಪ್ಪಳ, ಬಾಟಲಿ ಉಪ್ಪಿನಕಾಯಿ, ಎಲ್ಲದರಲ್ಲೂ ಯಾರೋ ಎಲ್ಲೋ ಅಳೆದು ಹಾಕಿದ ಉಪ್ಪು ನಮ್ಮ ಹೊಟ್ಟೆ ಸೇರ್ತಿದೆ. ಸಿಹಿ ಬಿಸ್ಕೆಟ್ಟಿನಲ್ಲೂ ಸೋಡಿಯಂ ಇರುತ್ತೆ, ನಾಲಿಗೆಗೆ ಗೊತ್ತಾಗಲ್ಲ ಅಷ್ಟೆ.

ವಾಲ್ಪಾರೈಯನ್ನೇ ತಗೊಳ್ಳಿ. ಆಳಿಯಾರಿನಿಂದ 40 ಹೇರ್‌ಪಿನ್ ತಿರುವು ಹತ್ತಿ ಹೋಗಬೇಕು. ಬೆಟ್ಟದ ಮೇಲಿನ ಟೀ ತೋಟದ ಲೈನ್ ಮನೆಗಳ ಹತ್ತಿರದ ಪೆಟ್ಟಿಗೆ ಅಂಗಡಿಗೆ ತಾಜಾ ತರಕಾರಿಗಿಂತ ಐದು, ಹತ್ತು ರೂಪಾಯಿ ಪ್ಯಾಕೆಟ್ ಸುಲಭವಾಗಿ ಬರುತ್ತೆ. ಅದು ಕೆಡಲ್ಲ, ಜಜ್ಜಿ ಹೋಗಲ್ಲ. ಬೆಳಗ್ಗಿಂದ ಎಲೆ ಕಿತ್ತು ಸುಸ್ತಾಗಿ ಬಂದವರಿಗೆ ಎರಡು ನಿಮಿಷದ ನೂಡಲ್ಸ್ ಬೇಡ ಅಂತ ಹೇಳೋಕೆ ನಮಗೇನು ಹಕ್ಕಿದೆ? ತಿನ್ನೋರನ್ನ ಬೈಯೋಕೆ ಇದನ್ನ ಬರೀತಿಲ್ಲ.

ಬೆವರು ಸುರಿಸೋರಿಗೆ ಉಪ್ಪು ಬೇಕಲ್ವಾ ಅಂತ ಕೇಳ್ತಾರೆ. ಬೇಕು, ಆದ್ರೆ ಮನೆ ಊಟದಲ್ಲೇ ಅದು ಸಾಕಷ್ಟು ಸಿಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರೋ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಜಗತ್ತಿನ ಸರಾಸರಿ ಅದರ ದುಪ್ಪಟ್ಟು. ಅಸ್ಸಾಂ ಟೀ ತೋಟಗಳಲ್ಲಿ ಕಾರ್ಮಿಕರು ಉಪ್ಪು ಹಾಕಿದ ಟೀ ಕುಡಿಯೋ ರೂಢಿ ಇದೆ. ಅವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಕ್ತದೊತ್ತಡ ವಿಪರೀತ ಹೆಚ್ಚಿರೋದು ಕಂಡುಬಂತು, ಕಾರಣಗಳಲ್ಲಿ ಹೆಚ್ಚುವರಿ ಉಪ್ಪೂ ಒಂದು. ಮೈಮುರಿದು ದುಡಿಯೋರನ್ನೂ ಉಪ್ಪು ಬಿಡಲ್ಲ.

ಉಪ್ಪಿನಲ್ಲಿರೋ ಸೋಡಿಯಂ ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ರಕ್ತದ ಪ್ರಮಾಣ ಏರುತ್ತೆ, ರಕ್ತನಾಳದ ಗೋಡೆ ಮೇಲೆ ಒತ್ತಡ ಬೀಳುತ್ತೆ. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯ, ಕಿಡ್ನಿ, ಮೆದುಳು ಮೂರಕ್ಕೂ ಪೆಟ್ಟು. ಬಿಪಿಗೆ ನೋವಿಲ್ಲ, ಅದಕ್ಕೇ ಗೊತ್ತಾಗಲ್ಲ. ಮೆದುಳಿನ ರಕ್ತನಾಳ ಕಟ್ಟಿ ಲಕ್ವ ಹೊಡೆದರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಸುಮಾರು ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ದೊಡ್ಡ ಆಸ್ಪತ್ರೆಗೆ ಘಾಟಿ ಇಳಿದು ಹೋಗಬೇಕಾದವರಿಗೆ ಆ ಗಂಟೆಗಳ ಬೆಲೆ ಏನು, ನೀವೇ ಲೆಕ್ಕ ಹಾಕಿ.

ಲೆಕ್ಕ ಅಂದ ಮೇಲೆ ನಾವು ಸುಮ್ಮನಿರೋಕಾಗಲ್ಲ. ಕಾಮರ್ಸ್ ಓದಿ ಬ್ಯಾಂಕ್ ಕೌಂಟರಿನಲ್ಲಿ ಕೂರೋರು ನಾವು. ಸಾಲದ ಪತ್ರದಲ್ಲಿ ಮುಖ್ಯವಾದದ್ದು ಸಣ್ಣಕ್ಷರದಲ್ಲಿರುತ್ತೆ ಅಂತ ದಿನಾ ನೋಡ್ತೀವಿ. ಪ್ಯಾಕೆಟ್ಟೂ ಹಾಗೇ. ಹಿಂಭಾಗದಲ್ಲಿ ‘ಸೋಡಿಯಂ’ ಅಂತ ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿರ್ತಾರೆ. ಅದನ್ನ ಎರಡೂವರೆಯಿಂದ ಗುಣಿಸಿದ್ರೆ ಉಪ್ಪು ಎಷ್ಟು ಅಂತ ಸಿಗುತ್ತೆ. 100 ಗ್ರಾಂಗೆ 1200 ಮಿಲಿಗ್ರಾಂ ಅಂತ ಇದೆ ಅಂದ್ಕೊಳ್ಳಿ. 70 ಗ್ರಾಂ ಪ್ಯಾಕೆಟ್ಟಿನಲ್ಲಿ 840 ಮಿಲಿಗ್ರಾಂ ಸೋಡಿಯಂ, ಅಂದ್ರೆ 2.1 ಗ್ರಾಂ ಉಪ್ಪು. ಒಂದೇ ಪ್ಯಾಕೆಟ್ಟಿಗೆ ದಿನದ ಮಿತಿಯ ಶೇ 42 ಮುಗೀತು! ‘ಒಂದು ಸರ್ವಿಂಗ್’ ಅಂತ 20, 30 ಗ್ರಾಂ ಲೆಕ್ಕ ಕೊಟ್ಟಿದ್ರೆ ಇನ್ನೂ ಹುಷಾರು. ಪ್ಯಾಕೆಟ್ ಒಡೆದವರು ಅರ್ಧಕ್ಕೆ ಮಡಚಿಡೋದನ್ನ ಯಾರಾದ್ರೂ ನೋಡಿದ್ದೀರಾ?

ಈಗ ನಮ್ಮ ಅಸಲಿ ಪ್ರಶ್ನೆ. ಈ ಲೆಕ್ಕ ಇರೋದು ಯಾವ ಭಾಷೇಲಿ? ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ವಿವರ ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇದ್ರೆ ಸಾಕು. ಬೇರೆ ಭಾಷೆ ಬಳಸಬಹುದು, ಆದ್ರೆ ಕಡ್ಡಾಯ ಇಲ್ಲ. ಕೊಯಮತ್ತೂರು, ತಿರುಪ್ಪೂರು ಕಡೆ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಓದು ತಮಿಳು. ತಾಳವಾಡಿಯಲ್ಲಿ ಕನ್ನಡ ಓದೋ ಅಜ್ಜಿಗೂ, ವಾಲ್ಪಾರೈಯಲ್ಲಿ ತಮಿಳು ಓದೋ ಅಕ್ಕನಿಗೂ ಆ ಸಣ್ಣಕ್ಷರ ಒಂದೇ ಥರ ಮೂಕ. ಇದು ಕನ್ನಡ–ತಮಿಳು ಜಗಳವಲ್ಲ, ಇಬ್ಬರಿಗೂ ಆಗಿರೋ ಅನ್ಯಾಯ.

ದಾರಿ ಇಲ್ಲದೇ ಇಲ್ಲ. ಚಿಲಿ ದೇಶ 2016ರಲ್ಲೇ ಸೋಡಿಯಂ ಜಾಸ್ತಿ ಇರೋ ಪ್ಯಾಕೆಟ್ಟಿನ ಎದುರಿಗೇ ಕಪ್ಪು ಎಂಟು ಮೂಲೆಯ ಗುರುತು ಕಡ್ಡಾಯ ಮಾಡ್ತು. ಅಂಥ ಗುರುತನ್ನ ಅಕ್ಷರ ಬಾರದವರೂ ದೂರದಿಂದಲೇ ಗುರುತಿಸಬಹುದು. ನಮ್ಮಲ್ಲಿ 2024ರ ಜುಲೈನಲ್ಲಿ ಉಪ್ಪು, ಸಕ್ಕರೆ, ಕೊಬ್ಬಿನ ಲೆಕ್ಕ ದಪ್ಪಕ್ಷರದಲ್ಲಿ ಬರಲಿ ಅನ್ನೋ ಪ್ರಸ್ತಾವಕ್ಕೆ ಪ್ರಾಧಿಕಾರ ಒಪ್ಪಿಗೆ ಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪ್ಯಾಕೆಟ್ ಎದುರಿನ ಲೇಬಲ್ ಬಗ್ಗೆ ಮೂರು ತಿಂಗಳ ಗಡುವು ಕೊಟ್ಟಿತು. ಆ ಗಡುವೂ ಮುಂದಕ್ಕೆ ಹೋಯ್ತು. ದಪ್ಪಕ್ಷರ ಬಂದರೂ ಓದೋಕೆ ಬಾರದ ಭಾಷೆಯಲ್ಲಿದ್ದರೆ ನಮ್ಮವರಿಗೆ ಏನು ಪ್ರಯೋಜನ? ಎದುರಿಗೆ ಎಚ್ಚರಿಕೆ ಗುರುತು, ಹಿಂದೆ ಮಾರಾಟವಾಗೋ ಊರಿನ ಜನರ ಭಾಷೆ. ಈ ಎರಡನ್ನೂ ನಾವು ಕೇಳಲೇಬೇಕು.

ಅದು ಬರೋವರೆಗೆ ಕೆಲಸ ನಮ್ಮ ಕೈಲಿದೆ. ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯಿಂದಲೇ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ ನೋಡ್ತಾರೆ, ಮಾತ್ರೆ ಕೊಡ್ತಾರೆ. ಅವರು ಬಂದಾಗ ಅಪ್ಪ ಅಮ್ಮನನ್ನ ಕೂರಿಸಿ ನೋಡಿಸಿ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ನೀವು. ಈ ಭಾನುವಾರ ಮನೆಗೆ ಬಂದ ಒಂದು ಪ್ಯಾಕೆಟ್ ತಿರುಗಿಸಿ, ಗುಣಿಸಿ, ಅಷ್ಟು ಉಪ್ಪನ್ನ ಒಂದು ಚಮಚದಲ್ಲಿ ತೆಗೆದು ಎಲ್ಲರ ಎದುರು ಇಡಿ. ಅದನ್ನ ಓದೋಕೆ ಯಾವ ಭಾಷೆಯೂ ಬೇಕಾಗಲ್ಲ.