ಸಲಹಾ ಸಮಿತಿಗೂ ಬೇಕು ನಿಯಮಾವಳಿ

ಆರೋಗ್ಯ ಕ್ಷೇತ್ರದಲ್ಲಿ ಕರ್ನಾಟಕಕ್ಕೆ ತಜ್ಞರ ಸಲಹೆಯ ಬರವಿಲ್ಲ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ಸಲ್ಲಿಸಿದ ವರದಿ, ಆರೋಗ್ಯ ಇಲಾಖೆಯೊಳಗಿನ ಭ್ರಷ್ಟಾಚಾರವನ್ನೂ ಮುಚ್ಚುಮರೆಯಿಲ್ಲದೆ ಪ್ರಸ್ತಾಪಿಸಿತ್ತು. ಡಾ. ಎಂ.ಕೆ. ಸುದರ್ಶನ್ ನೇತೃತ್ವದ ಕೋವಿಡ್ ತಾಂತ್ರಿಕ ಸಲಹಾ ಸಮಿತಿಯು ಎರಡನೇ ಅಲೆಯ ಸಾಧ್ಯತೆಯನ್ನು 2020ರ ನವೆಂಬರ್ ಅಂತ್ಯದಲ್ಲೇ ಸರ್ಕಾರದ ಗಮನಕ್ಕೆ ತಂದಿತ್ತು. ಆದರೂ 2021ರ ಏಪ್ರಿಲ್–ಮೇ ತಿಂಗಳಲ್ಲಿ ಹಾಸಿಗೆ, ಆಮ್ಲಜನಕಕ್ಕಾಗಿ ಜನ ಪರದಾಡಿದರು.

ಸಮಿತಿ ಹೇಳಿದ್ದನ್ನೆಲ್ಲ ಸರ್ಕಾರ ಒಪ್ಪಲೇಬೇಕೆಂದಿಲ್ಲ. ಜನರ ಜೀವನೋಪಾಯ, ಖಜಾನೆಯ ಸ್ಥಿತಿ ಎಲ್ಲವನ್ನೂ ತೂಗಿ ನಿರ್ಧರಿಸುವ ಹೊಣೆ ಚುನಾಯಿತರದು. ಆದರೆ ಸಲಹೆಯನ್ನು ತಿರಸ್ಕರಿಸಿದಾಗ ಕಾರಣವನ್ನು ಲಿಖಿತವಾಗಿ ತಿಳಿಸುವುದು ಕಡ್ಡಾಯವಾಗಬೇಕು. ಸದಸ್ಯರಿಗೆ ನಿಗದಿತ ಅವಧಿ, ಔಷಧ ಕಂಪನಿ ಮತ್ತು ಖಾಸಗಿ ಆಸ್ಪತ್ರೆಗಳೊಂದಿಗಿನ ಹಿತಾಸಕ್ತಿಯ ಘೋಷಣೆ, ಭಿನ್ನಮತದ ದಾಖಲೆ, ಕಾಲಮಿತಿಯಲ್ಲಿ ವರದಿಯ ಪ್ರಕಟಣೆ ಇವೆಲ್ಲ ನಿಯಮಾವಳಿಯಲ್ಲಿ ಸೇರಬೇಕು.

ಸದಸ್ಯತ್ವವೂ ರಾಜಧಾನಿಯ ತಜ್ಞರಿಗಷ್ಟೇ ಮೀಸಲಾಗಬಾರದು. ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದಂಥ ಹೋಬಳಿಯಲ್ಲಿ ತೆಂಗಿನ ಮರದಿಂದ ಬಿದ್ದವನನ್ನು ಎಲ್ಲಿಗೆ ಸಾಗಿಸಬೇಕು, ತೋಟದ ಮನೆಗಳಲ್ಲಿ ಚದುರಿರುವ ಕುಟುಂಬಗಳಿಗೆ ಲಸಿಕೆ ತಲುಪಿಸುವುದು ಹೇಗೆ ಎಂಬುದು ತಾಲ್ಲೂಕು ಆರೋಗ್ಯಾಧಿಕಾರಿಗೆ, ಆಶಾ ಕಾರ್ಯಕರ್ತೆಗೆ ಗೊತ್ತು. ಆ ಅನುಭವಕ್ಕೂ ಸಮಿತಿಯಲ್ಲಿ ಸ್ಥಾನವಿರಬೇಕು. ಸರ್ಕಾರಿ ಸೇವೆಯಲ್ಲಿರುವ ಸದಸ್ಯರು ನಿರ್ಭಿಡೆಯಿಂದ ಮಾತನಾಡಲು ವರ್ಗಾವಣೆಯ ಭಯದಿಂದ ರಕ್ಷಣೆಯೂ ಅಗತ್ಯ.

ಇದಕ್ಕೆ ದೊಡ್ಡ ಅನುದಾನವೇನೂ ಬೇಡ, ಇಚ್ಛಾಶಕ್ತಿ ಸಾಕು. ರೋಗ ಮನೆಬಾಗಿಲಿಗೆ ಬಂದಾಗ ನಿಯಮ ಬರೆಯುತ್ತ ಕೂರಲು ಪುರುಸೊತ್ತು ಇರುವುದಿಲ್ಲ. ಸರ್ಕಾರ ಈಗಲೇ ಈ ಕೆಲಸಕ್ಕೆ ಮುಂದಾಗಲಿ.