ಸೀಟಿ ಊದಿದವರೆಲ್ಲ ಕೋಚ್ ಅಲ್ಲ

ಭಾನುವಾರ ಬೆಳಿಗ್ಗೆ ಆರೂವರೆಗೆ ಶಿವಮೊಗ್ಗದ ಯಾವ ಬಯಲಿಗಾದರೂ ಹೋಗಿ ನೋಡಿ. ಹತ್ತು-ಹನ್ನೆರಡು ವರ್ಷದ ಹುಡುಗರು, ಒಂದು ಬಾಲು, ಕಲ್ಲಿಟ್ಟು ಮಾಡಿದ ಗೋಲು. ಅಂಚಿನಲ್ಲಿ ಕತ್ತಿಗೆ ಸೀಟಿ ಹಾಕಿಕೊಂಡ ಒಬ್ಬಾತ ನಿಂತು ಕೂಗ್ತಾ ಇರ್ತಾನೆ. ವಾರದ ದಿನಗಳಲ್ಲಿ ಆತ ಪಂಚರ್ ಅಂಗಡಿಯಲ್ಲೋ, ಮೊಬೈಲ್ ರಿಪೇರಿ ಮಾಡುತ್ತಲೋ, ಖಾಸಗಿ ಶಾಲೆಯ ಪಿ.ಟಿ. ಮೇಷ್ಟ್ರಾಗಿಯೋ ಇರುವವನು. ಕಾಸು ಕೇಳೋದಿಲ್ಲ. ಹುಡುಗರು 'ಸಾರ್' ಅಂತಾರೆ, ಅದೇ ಸಂಬಳ.

ಆತನನ್ನು 'ಲೈಸೆನ್ಸ್ ಇದೆಯೇನಪ್ಪಾ?' ಅಂತ ಕೇಳಿ. ನಗ್ತಾನೆ. ಲಾರಿ ಓಡಿಸೋಕೆ ಲೈಸೆನ್ಸು ಸರಿ, ಅಂಗಡಿ ಇಡೋಕೆ ಪಾಲಿಕೆಯ ಲೈಸೆನ್ಸೂ ಸರಿ, ಬಾಲು ಒದೆಯೋದು ಹೇಳಿಕೊಡೋಕೂ ಲೈಸೆನ್ಸೇ?

ಹೌದು ಸ್ವಾಮಿ, ಅದಕ್ಕೂ ಇದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೊಡುವ ಡಿ ಲೈಸೆನ್ಸ್ ಎಂಬುದು ಮಕ್ಕಳ ಕೋಚ್ ಆಗಬೇಕೆನ್ನುವವನು ಹತ್ತಬೇಕಾದ ಮೊದಲ ಗಟ್ಟಿ ಮೆಟ್ಟಿಲು. ಅದಕ್ಕೂ ಕೆಳಗೆ, ತೀರಾ ಚಿಕ್ಕ ಮಕ್ಕಳನ್ನು ಆಡಿಸುವವರಿಗೆಂದು ಇ ಎಂಬುದೊಂದಿದೆ. ಮೇಲೆ ಸಿ, ಬಿ, ಎ, ತುತ್ತತುದಿಯಲ್ಲಿ ಪ್ರೊ. ಎ-ಬಿ-ಸಿ-ಡಿಯನ್ನು ತಿರುಗಾಮುರುಗಾ ಕಲಿಯುವ ಶಾಲೆ ಇದೊಂದೇ ಇರಬೇಕು. ಸಿ ಯಿಂದ ಮೇಲಿನವಕ್ಕೆ ಏಷ್ಯಾ ಒಕ್ಕೂಟದ ಮುದ್ರೆ. ಇದಲ್ಲದೆ 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಉಂಟು, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಉಂಟು. ಅದು ಬೇರೆ ದಾರಿ.

ಡಿ ಗೆ ಹದಿನೆಂಟು ವರ್ಷ ತುಂಬಿರಬೇಕು, ಕೋರ್ಸು ಆರು ದಿನ. ತರಗತಿಯೂ ಉಂಟು, ಬಯಲೂ ಉಂಟು. ಬಯಲಿನಲ್ಲಿ ಅಭ್ಯರ್ಥಿಗಳೇ ಹುಡುಗರಂತೆ ಆಡ್ತಾರೆ, ಒಬ್ಬೊಬ್ಬರಾಗಿ ಮುಂದೆ ಬಂದು ಪಾಠ ಹೇಳಬೇಕು, ಗುರುಗಳು ಪಟ್ಟಿ ಹಿಡಿದು ತಪ್ಪು ಬರೆದುಕೊಳ್ತಾರೆ. ಹದಿನೈದು ವರ್ಷ ಸ್ಟಾರ್ ಆಗಿ ಆಡಿದವನೂ ಅಲ್ಲಿ ಬೆವರುತ್ತಾನೆ. ತಾನು ಒದೆಯುವುದು ಬೇರೆ, ಒದೆಯಲು ಬಾರದ ಹುಡುಗನಿಗೆ ಯಾಕೆ ಬರುತ್ತಿಲ್ಲ ಎಂದು ಕಂಡುಹಿಡಿಯುವುದು ಬೇರೆ.

ಈ ಊರಿನ ಬಯಲುಗಳಲ್ಲಿ ನಡೆಯುತ್ತಿರುವುದೇನು? ಹತ್ತು ವರ್ಷದ ಹುಡುಗರಿಗೆ ದೊಡ್ಡವರ ಐದನೇ ನಂಬರ್ ಬಾಲು, ದೊಡ್ಡವರ ಮೈದಾನ, ಆ ಕಡೆ ಹನ್ನೊಂದು ಈ ಕಡೆ ಹನ್ನೊಂದು. ದಪ್ಪಗೆ ಬೆಳೆದ ಇಬ್ಬರು ಹುಡುಗರೇ ಬಾಲು ಹೊಡೆದುಕೊಂಡು ಹೋಗ್ತಾರೆ. ಸಣಕಲ ಹುಡುಗ ಒಂದು ಗಂಟೆಯಲ್ಲಿ ಬಾಲು ಮುಟ್ಟುವುದು ನಾಲ್ಕು ಸಲ. ಆ ಹುಡುಗ ಮೂರನೇ ವಾರ ಬರೋದಿಲ್ಲ. 'ಆಸಕ್ತಿ ಇಲ್ಲ ಬಿಡಿ' ಅಂತಾರೆ. ಆ ವಯಸ್ಸಿಗೆ ನಾಲ್ಕನೇ ನಂಬರ್ ಬಾಲು ಸಾಕು, ನಾಲ್ವರು-ಐವರ ಪುಟ್ಟ ಆಟ ಸಾಕು ಎನ್ನುವುದು ಈ ಕೋರ್ಸಿನ ಮೊದಲ ಪಾಠಗಳಲ್ಲೊಂದು. ತಡವಾಗಿ ಬಂದವನಿಗೆ ಹತ್ತು ಸುತ್ತು ಓಟದ ಶಿಕ್ಷೆ ಕೊಡುವ ಮಿಲಿಟರಿ ಪದ್ಧತಿಗೂ ಅಲ್ಲಿ ಜಾಗವಿಲ್ಲ.

ಇನ್ನು ತಲೆಯಿಂದ ಬಾಲು ಹೊಡೆಸುವುದು. ಆಟ ಹುಟ್ಟಿದ ಇಂಗ್ಲೆಂಡಿನಲ್ಲೇ 2020ರಲ್ಲಿ ಪ್ರಾಥಮಿಕ ಶಾಲೆ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡಿಂಗ್ ಬೇಡವೆಂದು ಸೂಚನೆ ಹೊರಟಿತು. ಇಲ್ಲಿ ಎಂಟು ವರ್ಷದ ಮಗುವಿನ ಹಣೆಗೆ ಬಾಲು ಎಸೆದು 'ಹೆದರಬೇಡ, ಹೊಡಿ' ಎನ್ನುವವರು ಇದ್ದಾರೆ. ತಲೆಗೆ ಪೆಟ್ಟು ಬಿದ್ದವನಿಗೆ ನೀರು ಚಿಮುಕಿಸಿ ಮತ್ತೆ ಒಳಗೆ ಕಳಿಸುವವರೂ ಇದ್ದಾರೆ. ಕೆಟ್ಟವರಲ್ಲ, ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ.

ಕೆಟ್ಟವರ ಮಾತೂ ಆಡಲೇಬೇಕು. ಮಕ್ಕಳು ಪರವೂರಿನ ಟೂರ್ನಮೆಂಟಿಗೆ ಹೋಗ್ತಾರೆ, ರಾತ್ರಿ ತಂಗ್ತಾರೆ. ಜೊತೆಗೆ ಹೋದವ ಯಾರು, ಎಲ್ಲಿ ಮಲಗಿಸ್ತಾನೆ ಎಂದು ಎಷ್ಟು ಅಪ್ಪ-ಅಮ್ಮಂದಿರು ಕೇಳಿದ್ದಾರೆ? 2012ರಲ್ಲಿ ಪೋಕ್ಸೋ ಕಾಯಿದೆ ಬಂದಿದೆ. ಲೈಸೆನ್ಸ್ ಇದ್ದವನೆಲ್ಲ ಸಾಚಾ ಎಂದಲ್ಲ. ಆದರೆ ಲೈಸೆನ್ಸ್ ಇದ್ದವನಿಗೆ ಒಂದು ನಂಬರ್ ಇರುತ್ತೆ, ದೂರು ಕೊಡೋಕೆ ಒಂದು ಬಾಗಿಲು ಇರುತ್ತೆ.

'ರಹೀಂ ಸಾಹೇಬರಿಗೆ ಯಾವ ಡಿ ಲೈಸೆನ್ಸ್ ಇತ್ತು?' ಎಂದು ಹಳಬರು ಕೇಳಬಹುದು. ಹೈದರಾಬಾದಿನ ಎಸ್.ಎ. ರಹೀಂ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ಗೆಲ್ಲಿಸಿಕೊಟ್ಟವರು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ತಂಡವನ್ನು ನಾಲ್ಕನೇ ಸ್ಥಾನಕ್ಕೆ ಒಯ್ದವರು. ಲೈಸೆನ್ಸಿನ ಮೆಟ್ಟಿಲೇ ಇಲ್ಲದ ಕಾಲ ಅದು. ಆದರೆ ಅವರು ವೃತ್ತಿಯಿಂದ ಶಾಲಾ ಮೇಷ್ಟ್ರು, ಕಲಿಸುವುದೇ ಅವರ ಕಸುಬಾಗಿತ್ತು. ಈ ವಾದ ಮಾಡುವವರು ಅದನ್ನೇ ಮರೀತಾರೆ.

ಸಂತೋಷ್ ಟ್ರೋಫಿ 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕಕ್ಕೆ ಬಂತು. 54 ವರ್ಷ ಕಾದ ಮೇಲೆ. ಹಿಂದೆ ಗೆದ್ದಾಗ ರಾಜ್ಯದ ಹೆಸರೇ ಮೈಸೂರು. ಪಟಾಕಿ ಹೊಡೆದದ್ದಾಯಿತು. ಮುಂದಿನ ಆಟಗಾರ ಮಲೆನಾಡಿನಿಂದ ಬರಬೇಕಾದರೆ ಹತ್ತನೇ ವಯಸ್ಸಿನಲ್ಲಿ ಅವನ ಕೈ ಹಿಡಿಯುವವನು ಇಲ್ಲೇ ಇರಬೇಕು.

ಆ ಪಂಚರ್ ಅಂಗಡಿಯವನು ಯಾಕೆ ಕೋರ್ಸಿಗೆ ಹೋಗಿಲ್ಲ? ಲೆಕ್ಕ ಹಾಕಿ. ಫೀಸು ಸಾವಿರಗಳಲ್ಲಿ. ಬೆಂಗಳೂರಿಗೆ ರಾತ್ರಿ ಬಸ್ಸು, ಆರು ದಿನ ಲಾಡ್ಜು, ಊಟ. ಆರು ದಿನ ಅಂಗಡಿ ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ, ಅದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ ಇಂಗ್ಲಿಷ್ ಭಯ. ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವನು ದಪ್ಪ ಇಂಗ್ಲಿಷ್ ಪುಸ್ತಕ ನೋಡಿದರೆ ಬಾಲು ಬಿಟ್ಟೇ ಓಡ್ತಾನೆ. ಇಷ್ಟೆಲ್ಲ ಮಾಡಿದರೂ ಡಿ ಒಂದರಿಂದ ಕೆಲಸ ಸಿಕ್ಕುವ ಭರವಸೆ ಇಲ್ಲ.

ಇನ್ನೊಂದು ಜಾತಿಯೂ ಹುಟ್ಟಿಕೊಂಡಿದೆ. ಬ್ಯಾನರ್ ಕಟ್ಟಿ, 'ಇಂಟರ್‌ನ್ಯಾಷನಲ್ ಅಕಾಡೆಮಿ' ಅಂತ ಬರೆಸಿ, ಜೆರ್ಸಿಗಿಷ್ಟು ಶೂಗಿಷ್ಟು ಎಂದು ಕಿತ್ತುಕೊಳ್ಳುವವರು. ಫೆಡರೇಷನ್ನಿನ ಮಾನ್ಯತೆ ಬೇಕಾದರೆ ಅಕಾಡೆಮಿಯಲ್ಲಿ ಲೈಸೆನ್ಸ್ ಇರುವ ಕೋಚ್ ಇರಲೇಬೇಕು. ದುಡ್ಡು ಕಟ್ಟುವ ಮುಂಚೆ 'ತೋರಿಸಿ ಸಾರ್' ಎನ್ನುವುದಕ್ಕೆ ಸಂಕೋಚ ಯಾಕೆ? ಅಕ್ಕಿ ಕೊಳ್ಳುವಾಗ ಮುಷ್ಟಿಗೆ ತೆಗೆದು ಮೂಸಿ ನೋಡುವ ಜನ, ಮಗನನ್ನು ಒಪ್ಪಿಸುವಾಗ ಮಾತ್ರ ಬ್ಯಾನರ್ ನೋಡಿ ನಂಬ್ತಾರೆ.

ಬೆಂಗಳೂರಿಗೆ ಇಪ್ಪತ್ತು ಜನ ಹೋಗುವ ಬದಲು ಇಬ್ಬರು ಗುರುಗಳನ್ನು ಇಲ್ಲಿಗೆ ಕರೆಸುವುದು ಅಗ್ಗ. ಜಿಲ್ಲೆಯ ಫುಟ್‌ಬಾಲ್ ಸಂಘದವರು, ಒಂದು ಕಾಲೇಜಿನವರು, ಕ್ರೀಡಾ ಇಲಾಖೆಯವರು ಒಟ್ಟಾಗಿ ರಾಜ್ಯ ಸಂಸ್ಥೆಗೆ ಬರೆದು ಕೇಳಲಿ. ಕನ್ನಡದಲ್ಲಿ ಪಾಠ ಹೇಳಬಲ್ಲವರನ್ನೇ ಕಳಿಸಿ ಎಂದೂ ಬರೆಯಲಿ. ಗಣೇಶನ ಚಂದಾ ಪುಸ್ತಕ ಹಿಡಿದು ಬಂದವರಿಗೆ ಗಾಂಧಿ ಬಜಾರಿನ ಅಂಗಡಿಗಳು ಎಂದೂ ಇಲ್ಲ ಅಂದಿಲ್ಲ. ನಾಲ್ಕು ಅಂಗಡಿ ಸೇರಿದರೆ ಒಬ್ಬನ ಫೀಸು. ಪ್ರತಿಯಾಗಿ ಆತ ಎರಡು ವರ್ಷ ಇದೇ ಊರಿನ ಮಕ್ಕಳಿಗೆ ಬಿಟ್ಟಿಯಾಗಿ ಹೇಳಿಕೊಡಲಿ ಎಂದು ಕಾಗದ ಬರೆಸಿಕೊಳ್ಳಿ, ತಪ್ಪೇನಿಲ್ಲ.

ದಸರಾ ರಜೆಯಲ್ಲಿ ಇಟ್ಟುಕೊಂಡರೆ ಪಿ.ಟಿ. ಮೇಷ್ಟ್ರುಗಳಿಗೂ ಬಿಡುವು, ಮಳೆ ಹಿಂದೆಗೆದು ಬಯಲೂ ಒಣಗಿರುತ್ತೆ. ಅರ್ಜಿ ಮಾತ್ರ ಈಗಲೇ ಹೋಗಬೇಕು.