‘ಅವರು ಮುಸ್ಲಿಮರೇ?’

2025ರ ಅಕ್ಟೋಬರ್‌ನಲ್ಲಿ ರಾಜು ತಾಳಿಕೋಟೆ ತೀರಿಕೊಂಡಾಗ ಹಲವರು ಅಚ್ಚರಿಯಿಂದ ಕೇಳಿದ ಪ್ರಶ್ನೆ ಇದು. ಹೌದು, ಮೂಲ ಹೆಸರು ರಾಜೇಸಾಬ. ಅವರ ನಾಟಕ ಕಂಪನಿ ಖಾಸ್ಗತೇಶ್ವರ ನಾಟ್ಯ ಸಂಘ. ತಾಳಿಕೋಟೆಯ ಮಠದ ಹೆಸರು ಹೊತ್ತು ಸಾಬರ ಮಗ ಊರೂರು ಪರದೆ ಕಟ್ಟಿದ. ಇದರಲ್ಲಿ ಬೆರಗೇನು? ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರು ಹುಟ್ಟಿದ ಹಾವೇರಿ ಸೀಮೆಯವರಾದರೂ ಹೀಗೆ ಕೇಳಬಾರದಿತ್ತು. ನಾಟಕದವರೆಂದರೆ ಮೂಗು ಮುರಿಯುವ ನಮ್ಮವರೂ ಕಡಿಮೆಯೇನಿಲ್ಲ. ಸತ್ತ ಮೇಲೆ ‘ನಮ್ಮವ’ ಎನ್ನುತ್ತಾರೆ.

ನನ್ನ ದೊಡ್ಡ ತಕರಾರು ಬೇರೆ. ‘ಕಲಿಯುಗದ ಕುಡುಕ’ನ ಕ್ಯಾಸೆಟ್ಟಿನ ಮಾತುಗಳು ರಾಣೆಬೆನ್ನೂರು, ಬ್ಯಾಡಗಿ ಕಡೆಯವರಿಗೆ ಬಾಯಿಪಾಠ. ಆಮೇಲೆ ‘ಮನಸಾರೆ’ (2009), ‘ಪಂಚರಂಗಿ’ (2010) ಬಂದವು. ಗಾಂಧಿನಗರಕ್ಕೆ ನಮ್ಮ ಜವಾರಿ ಕನ್ನಡ ನಗಿಸಲು ಬೇಕು, ನಾಯಕನ ಬಾಯಿಗೆ ಬೇಡ!

ಕೆನಡಾದಲ್ಲಿ ಝರ್ಕಾ ನವಾಜ್ ಎಂಬ ಮುಸ್ಲಿಂ ಮಹಿಳೆ ‘ಲಿಟಲ್ ಮಾಸ್ಕ್ ಆನ್ ದ ಪ್ರೇರಿ’ ಹಾಸ್ಯ ಧಾರಾವಾಹಿ ರೂಪಿಸಿದರು. ಮಸೀದಿಯವರು ತಮ್ಮನ್ನೇ ನೋಡಿ ನಗುವ ಕಥೆ. ಅಲ್ಲಿನ ಸರ್ಕಾರಿ ವಾಹಿನಿ 2007ರಿಂದ 2012ರವರೆಗೆ ಅದನ್ನು ತೋರಿಸಿತು. ನಮ್ಮ ಟಿ.ವಿ. 2019ರಲ್ಲಿ ರಾಜು ಅವರಿಗೆ ಕೊಟ್ಟದ್ದು ಬಿಗ್ ಬಾಸ್ ಮನೆಯಲ್ಲೊಂದು ಹಾಸಿಗೆ. ಧಾರವಾಡ ರಂಗಾಯಣದ ನಿರ್ದೇಶಕ ಹುದ್ದೆ ಬಂದದ್ದು 2024ರಲ್ಲಿ. ಆಗ ಅವರಿಗೆ ಉಳಿದಿದ್ದದ್ದು ಒಂದು ವರ್ಷ ಚಿಲ್ಲರೆ.